ಶೇ 200 ಲಾಭಾಂಶ: ಕೈಗೆ ಬರುವುದೆಷ್ಟು?

2025ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕಿನ ನಿರ್ದೇಶಕ ಮಂಡಳಿ ತನ್ನ ಷೇರುದಾರರಿಗೆ 2024-25ನೇ ಸಾಲಿನ ಲಾಭಾಂಶವನ್ನು ಶಿಫಾರಸು ಮಾಡಿತು. ಪ್ರಮಾಣ: ಶೇ 200. ಆ ದಿನಗಳಲ್ಲಿ ಬ್ಯಾಂಕುಗಳಲ್ಲಿ ಮುದ್ದತಿ ಠೇವಣಿ ಇಟ್ಟವರಿಗೆ ಸಿಗುತ್ತಿದ್ದ ಬಡ್ಡಿ ಶೇ 7ರ ಆಸುಪಾಸು. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಯಾರಿಗಾದರೂ ಒಂದು ಅನುಮಾನ ಬಾರದೆ ಇರದು. ಠೇವಣಿಯನ್ನು ಮುರಿದು ಅದೇ ಹಣದಲ್ಲಿ ಷೇರು ಕೊಂಡಿದ್ದರೆ ವರ್ಷ ತುಂಬುವುದರೊಳಗೆ ಹಣ ಮೂರು ಪಟ್ಟಾಗುತ್ತಿತ್ತೆ?

ಖಂಡಿತ ಆಗುತ್ತಿರಲಿಲ್ಲ. ಆ ಶೇ 200ರ ಹಿಂದೆ ಇದ್ದದ್ದು ಷೇರೊಂದಕ್ಕೆ ಕೇವಲ 4 ರೂಪಾಯಿ. ಪೇಟೆಯಲ್ಲಿ ಷೇರಿನ ಬೆಲೆ 100 ರೂಪಾಯಿ ಎಂದಿಟ್ಟುಕೊಂಡರೆ, ಹೊಸದಾಗಿ ಕೊಂಡವನಿಗೆ ಅದರಿಂದ ದೊರೆಯುವುದು ನೂರಕ್ಕೆ ನಾಲ್ಕು. ಘೋಷಣೆಯ ಅಂಕಿ 200, ಕೈಗೆ ಬಂದ ಅಂಕಿ 4. ಬ್ಯಾಂಕು ಇಲ್ಲಿ ಸುಳ್ಳು ಹೇಳಿಲ್ಲ. ಎರಡು ಅಂಕಿಗಳನ್ನು ಎರಡು ಬೇರೆ ಬೇರೆ ಅಳತೆಗೋಲುಗಳಿಂದ ಅಳೆಯಲಾಗಿದೆ, ಅಷ್ಟೆ. ಆದರೆ ಈ ವ್ಯತ್ಯಾಸ ತಿಳಿಯದೆ ನಿವೃತ್ತಿಯ ಹಣವನ್ನು ತೊಡಗಿಸುವವರಿಗೆ ಅದು ದುಬಾರಿಯಾಗಬಲ್ಲದು.

ಗದ್ದೆಯ ಮಾತು, ಪೇಟೆಯ ಮಾತು

‘ಇಳುವರಿ’ ಎಂಬ ಶಬ್ದ ಕನ್ನಡದಲ್ಲಿ ಮೂಲತಃ ಹೊಲಗದ್ದೆಯದು. ಎಕರೆಗೆ ಎಷ್ಟು ಕ್ವಿಂಟಲ್ ಬತ್ತ, ತೋಟಕ್ಕೆ ಎಷ್ಟು ಅಡಿಕೆ ಎಂಬುದು ರೈತನ ಲೆಕ್ಕ. ಹಣಕಾಸಿನ ಬರಹಗಳು ಅದೇ ಶಬ್ದವನ್ನು ಎರವಲು ಪಡೆದಿವೆ. ಹೂಡಿದ ಪ್ರತಿ ನೂರು ರೂಪಾಯಿಗೆ ವರ್ಷಕ್ಕೆ ಎಷ್ಟು ಆದಾಯ ಎಂಬುದೇ ಹಣದ ಇಳುವರಿ.

ಗದ್ದೆಯ ಇಳುವರಿ ಹೇಳುವಾಗ ಯಾವ ಅಳತೆಯ ಮೇಲೆ ಎಂಬುದನ್ನು ರೈತ ಮರೆಯುವುದಿಲ್ಲ. ‘ಇಪ್ಪತ್ತು ಕ್ವಿಂಟಲ್ ಬಂತು’ ಎಂದರೆ ‘ಎಷ್ಟು ಎಕರೆಗೆ?’ ಎಂಬ ಪ್ರಶ್ನೆ ಒಡನೆಯೇ ಬರುತ್ತದೆ. ಲಾಭಾಂಶದ ಸುದ್ದಿಯಲ್ಲಿ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಶೇ 200 ಸರಿ, ಆದರೆ ಯಾವುದರ ಮೇಲೆ?

ಮುಖಬೆಲೆಯ ಮೇಲೆ ಎಂಬುದು ಉತ್ತರ. ಕಂಪನಿಯೊಂದು ತನ್ನ ಬಂಡವಾಳವನ್ನು ಸಮನಾದ ಪಾಲುಗಳಾಗಿ ಒಡೆದಾಗ ಪ್ರತಿ ಪಾಲಿನ ಮೇಲೆ ನಮೂದಿಸುವ ಮೊತ್ತವೇ ಮುಖಬೆಲೆ. ಕೆನರಾ ಬ್ಯಾಂಕಿನ ಷೇರಿನ ಮುಖಬೆಲೆ 2 ರೂಪಾಯಿ. ಎರಡು ರೂಪಾಯಿಯ ಶೇ 200 ಎಂದರೆ 4 ರೂಪಾಯಿ. ಆದರೆ ಎರಡು ರೂಪಾಯಿಗೆ ಆ ಷೇರನ್ನು ಯಾರೂ ಪೇಟೆಯಲ್ಲಿ ಕೊಡುವುದಿಲ್ಲ.

ಬ್ಯಾಂಕುಗಳ ತೊಟ್ಟಿಲಿನಲ್ಲಿ

ಯಾರೂ ಆ ಬೆಲೆಗೆ ಕೊಳ್ಳಲಾಗದ ಮುಖಬೆಲೆಯನ್ನು ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಂಡಿರುವುದೇಕೆ? ಇದನ್ನು ತಿಳಿಯಲು ಭಾರತೀಯ ಬ್ಯಾಂಕಿಂಗ್‌ನ ತೊಟ್ಟಿಲು ಎಂದೇ ಹೆಸರಾದ ಅವಿಭಜಿತ ದಕ್ಷಿಣ ಕನ್ನಡಕ್ಕೆ ಹೋಗಬೇಕು.

1906ರಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಆರಂಭಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. ಅದರ ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅಲ್ಲಿದ್ದ ಹಣ 38 ರೂಪಾಯಿ 13 ಆಣೆ 2 ಪೈ. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿ ಅವರ ನೇತೃತ್ವದಲ್ಲಿ ವಿಜಯಾ ಬ್ಯಾಂಕು ಬಂದವು. ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಂಡು 8,000 ರೂಪಾಯಿ ಬಂಡವಾಳದಲ್ಲಿ ತೊಡಗಿದ ಸಿಂಡಿಕೇಟ್, 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿಗೆ ಒಯ್ದದ್ದು ಕರಾವಳಿಯ ಹಳಬರಿಗೆ ಗೊತ್ತಿರುವ ಸಂಗತಿ.

ಆ ಕಾಲದ ಷೇರುದಾರರಲ್ಲಿ ಬಹುಪಾಲು ಊರಿನವರೇ. ಷೇರನ್ನು ಮುಖಬೆಲೆ ಕೊಟ್ಟು ಪಡೆದರೆ ಅದನ್ನು ಮಾರುವ ಪ್ರಸಂಗ ವಿರಳ. ದಿನವೂ ಬೆಲೆ ಕೂಗುವ ಪೇಟೆ ಹತ್ತಿರದಲ್ಲಿ ಇರಲಿಲ್ಲ. ಕೊಟ್ಟ ಬೆಲೆಯೇ ಮುಖಬೆಲೆ ಆಗಿರುವಾಗ ಮುಖಬೆಲೆಯ ಮೇಲಿನ ಶೇಕಡಾವಾರು ಲೆಕ್ಕವೇ ಸರಿಯಾದ ಇಳುವರಿಯಾಗಿತ್ತು. 50 ರೂಪಾಯಿಯ ಷೇರಿಗೆ ಶೇ 6 ಎಂದರೆ 3 ರೂಪಾಯಿ. ಅದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಕಾಲ ಬದಲಾಯಿತು, ಷೇರುಗಳು ಪೇಟೆಗೆ ಬಂದವು, ಬೆಲೆ ಮುಖಬೆಲೆಯ ಹತ್ತಾರು ಪಟ್ಟಾಯಿತು. ಅಳತೆಗೋಲು ಮಾತ್ರ ಹಳೆಯದೇ ಉಳಿಯಿತು.

ಹದಿನಾರು ನಾಲ್ಕಾದಾಗ

ಹಳೆಯ ಅಳತೆಗೋಲು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಕೆನರಾ ಬ್ಯಾಂಕಿನ ಎರಡು ವರ್ಷಗಳ ಲೆಕ್ಕವೇ ಸಾಕು. 2023-24ನೇ ಸಾಲಿಗೆ ಅದು ಪ್ರಕಟಿಸಿದ ಲಾಭಾಂಶ ಷೇರಿಗೆ 16 ರೂಪಾಯಿ 10 ಪೈಸೆ. ಮರುವರ್ಷದ್ದು 4 ರೂಪಾಯಿ. ಮೇಲ್ನೋಟಕ್ಕೆ ನಾಲ್ಕನೇ ಒಂದು ಭಾಗಕ್ಕೆ ಇಳಿದಂತೆ ಕಾಣುತ್ತದೆ. ಶೇಕಡಾ ಲೆಕ್ಕದಲ್ಲಾದರೋ 161ರಿಂದ 200ಕ್ಕೆ ಏರಿದೆ!

ಈ ಒಗಟಿಗೆ ಉತ್ತರ 2024ರ ಮೇ ತಿಂಗಳಲ್ಲಿದೆ. ಆಗ ಬ್ಯಾಂಕು 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ವಿಭಜಿಸಿತು. ಹಳೆಯ ಒಂದು ಷೇರಿಗೆ 16.10 ರೂಪಾಯಿ ಎಂದರೆ ಹೊಸ ಷೇರಿಗೆ 3 ರೂಪಾಯಿ 22 ಪೈಸೆ. ಅದು ಮರುವರ್ಷ 4 ರೂಪಾಯಿ ಆಯಿತು. ಅಂದರೆ ನಿಜವಾದ ಏರಿಕೆ ಸುಮಾರು ಶೇ 24. ರೊಟ್ಟಿಯನ್ನು ಐದು ತುಂಡು ಮಾಡಿದರೆ ತುಂಡುಗಳು ಹೆಚ್ಚುತ್ತವೆ, ರೊಟ್ಟಿ ಹೆಚ್ಚುವುದಿಲ್ಲ. ವಿಭಜನೆಯಾದ ಅಥವಾ ಬೋನಸ್ ಷೇರು ಕೊಟ್ಟ ವರ್ಷಗಳಲ್ಲಿ ಹಳೆಯ ಲಾಭಾಂಶವನ್ನು ಹೊಸದರೊಡನೆ ಹೋಲಿಸುವ ಮುನ್ನ ಈ ಭಾಗಾಕಾರ ಮಾಡಲೇಬೇಕು.

ಈ ಎಲ್ಲ ಗೊಂದಲದಿಂದ ಪಾರಾಗುವ ಸೂತ್ರ ಸರಳ. ಶೇಕಡಾವನ್ನು ಪಕ್ಕಕ್ಕಿಟ್ಟು ಷೇರಿಗೆ ಎಷ್ಟು ರೂಪಾಯಿ ಎಂಬುದನ್ನು ನೋಡಬೇಕು. ಅದನ್ನು ಇಂದಿನ ಪೇಟೆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬಂದದ್ದೇ ಲಾಭಾಂಶದ ಇಳುವರಿ. ಕರ್ಣಾಟಕ ಬ್ಯಾಂಕು 2023-24ನೇ ಸಾಲಿಗೆ ಷೇರಿಗೆ 5.50 ರೂಪಾಯಿ ಕೊಟ್ಟಿತು. ಮುಖಬೆಲೆ 10 ರೂಪಾಯಿ ಆದ್ದರಿಂದ ಅದು ಶೇ 55. ಷೇರನ್ನು 220 ರೂಪಾಯಿಗೆ ಕೊಂಡವನಿಗೆ ಅದೇ ಹಣ ಶೇ 2.5ರ ಇಳುವರಿ.

ಅಜ್ಜನ ಇಳುವರಿ, ಮೊಮ್ಮಗನ ಇಳುವರಿ

ಒಂದೇ ಷೇರಿಗೆ ಇಬ್ಬರ ಮಟ್ಟಿಗೆ ಎರಡು ಇಳುವರಿ ಇರಬಹುದು. 2002ರಲ್ಲಿ ಕೆನರಾ ಬ್ಯಾಂಕು ಸಾರ್ವಜನಿಕರಿಗೆ ಷೇರು ನೀಡಿದಾಗ ಬೆಲೆ 35 ರೂಪಾಯಿ. ಅಂದು 100 ಷೇರು ಪಡೆದು ಹಾಗೆಯೇ ಇಟ್ಟುಕೊಂಡ ಅಜ್ಜ ಕೊಟ್ಟದ್ದು 3,500 ರೂಪಾಯಿ. ವಿಭಜನೆಯ ನಂತರ ಅವನ ಬಳಿ ಇರುವುದು 500 ಷೇರು. 2024-25ರ ಲಾಭಾಂಶ 2,000 ರೂಪಾಯಿ. ಕೊಂಡ ಬೆಲೆಯ ಮೇಲೆ ಇದು ಶೇ 57! ಇದನ್ನು ಖರೀದಿ ಬೆಲೆಯ ಮೇಲಿನ ಇಳುವರಿ ಎನ್ನುತ್ತಾರೆ.

ಮೊಮ್ಮಗ ಅವೇ 500 ಷೇರುಗಳನ್ನು ತಲಾ 100 ರೂಪಾಯಿಯಂತೆ ಕೊಂಡರೆ 50,000 ರೂಪಾಯಿ ಕೊಡಬೇಕು. ಲಾಭಾಂಶ ಅದೇ 2,000. ಇಳುವರಿ ಶೇ 4. ಅಜ್ಜನ ಶೇ 57ನ್ನು ಕೇಳಿ ಮೊಮ್ಮಗ ಪೇಟೆಗೆ ಓಡಿದರೆ ಅವನಿಗೆ ಸಿಗುವುದು ಶೇ 4 ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. ‘ಇಟ್ಟುಕೊಳ್ಳಲೇ, ಮಾರಲೇ?’ ಎಂದು ಅಜ್ಜ ಯೋಚಿಸುವಾಗ ಅವನಿಗೂ ಶೇ 57 ಉಪಯೋಗಕ್ಕೆ ಬಾರದು. ಇಂದು ಮಾರಿದರೆ ಅವನ ಕೈಗೆ ಬರುವುದು 3,500 ರೂಪಾಯಿ ಅಲ್ಲ, 50,000 ರೂಪಾಯಿ. ಆ ಹಣ ಬೇರೆಡೆ ಎಷ್ಟು ದುಡಿಯಬಲ್ಲದು ಎಂಬುದರೊಡನೆ ಹೋಲಿಸಬೇಕಾದದ್ದು ಇಂದಿನ ಶೇ 4ನ್ನೇ. ಶೇ 57 ಎಂಬುದು ಅಂದು ಮಾಡಿದ ತೀರ್ಮಾನಕ್ಕೆ ಸಿಕ್ಕ ಬಹುಮಾನ. ಇಂದಿನ ತೀರ್ಮಾನಕ್ಕೆ ಅದು ದಾರಿದೀಪವಾಗದು.

ಅಜ್ಜನ ದಾರಿ ಹೂವಿನ ಹಾಸಿಗೆಯೂ ಆಗಿರಲಿಲ್ಲ. ವಸೂಲಾಗದ ಸಾಲಗಳ ಹೊರೆಯಿಂದ ಬ್ಯಾಂಕು 2015-16ರಲ್ಲಿ ನಷ್ಟ ಕಂಡಿತು. 2017-18ರಲ್ಲಿ ನಷ್ಟ 4,222 ಕೋಟಿ ರೂಪಾಯಿ. 2019-20ರಲ್ಲಿ ಮತ್ತೆ ನಷ್ಟ. ಆ ವರ್ಷಗಳಲ್ಲಿ ಅಜ್ಜನ ಇಳುವರಿ ಸೊನ್ನೆ. ಠೇವಣಿಯ ಬಡ್ಡಿ ಬ್ಯಾಂಕು ಕೊಟ್ಟ ಮಾತು. ಲಾಭಾಂಶ ಲಾಭವಿದ್ದರೆ, ಕೊಡುವ ಮನಸ್ಸಿದ್ದರೆ, ನಿಯಮ ಒಪ್ಪಿದರೆ ಬರುವ ಪಾಲು.

ಹಂಚುವ ಕೈ, ತಡೆಯುವ ಕೈ

ನಿಯಮ ಒಪ್ಪಿದರೆ ಎಂಬ ಮಾತು ಬ್ಯಾಂಕುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸಾಬೂನು ತಯಾರಿಸುವ ಕಂಪನಿ ತನ್ನ ಲಾಭದ ಬಹುಭಾಗವನ್ನು ಹಂಚಿದರೂ ನಡೆದೀತು. ಬ್ಯಾಂಕಿನಲ್ಲಿರುವುದು ಬಹುಪಾಲು ಜನರ ಠೇವಣಿ. ಕೊಟ್ಟ ಸಾಲ ಮುಳುಗಿದರೆ ಮೊದಲು ಕರಗಬೇಕಾದದ್ದು ಷೇರುದಾರರ ಬಂಡವಾಳ. ಆದ್ದರಿಂದ ಅಪಾಯದ ತೂಕ ಹಾಕಿದ ಪ್ರತಿ 100 ರೂಪಾಯಿ ಸಾಲಕ್ಕೆ ಕನಿಷ್ಠ 9 ರೂಪಾಯಿ ಸ್ವಂತ ಬಂಡವಾಳ ಇರಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಲಾಭವನ್ನೆಲ್ಲ ಹಂಚಿಬಿಟ್ಟರೆ ನಾಳೆ ಹೊಸ ಸಾಲ ಕೊಡಲು ಬುಡವೇ ಇರುವುದಿಲ್ಲ. ಬಿತ್ತನೆ ಬೀಜವನ್ನೂ ಕುಟ್ಟಿ ಉಂಡಂತೆ.

2005ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ, ಎಷ್ಟೇ ಗಟ್ಟಿಯಾದ ಬ್ಯಾಂಕಾದರೂ ಲಾಭದ ಶೇ 40ಕ್ಕಿಂತ ಹೆಚ್ಚನ್ನು ಹಂಚಕೂಡದೆಂದು ಮಿತಿ ಹಾಕಿತು. ಕೋವಿಡ್ ಪಿಡುಗು ಬಂದಾಗ, 2020ರ ಏಪ್ರಿಲ್‌ನಲ್ಲಿ ಇನ್ನೂ ಮುಂದೆ ಹೋಗಿ 2019-20ರ ಲಾಭದಿಂದ ಲಾಭಾಂಶ ಕೊಡುವುದನ್ನೇ ತಡೆಯಿತು. ಲಾಭ ಮಾಡಿದ ಬ್ಯಾಂಕಿನ ಷೇರುದಾರರೂ ಅಂದು ಬರಿಗೈಯಲ್ಲಿ ಉಳಿದರು.

ಲಾಭದಲ್ಲಿ ಹಂಚಿದ ಭಾಗವನ್ನು ಹಂಚಿಕೆಯ ಪ್ರಮಾಣ ಎನ್ನುತ್ತಾರೆ. ಇಳುವರಿಯ ಜೊತೆಗೆ ಇದನ್ನೂ ನೋಡುವುದು ಜಾಣತನ. 2023-24ರಲ್ಲಿ ಕರ್ಣಾಟಕ ಬ್ಯಾಂಕಿನ ನಿವ್ವಳ ಲಾಭ 1,306 ಕೋಟಿ ರೂಪಾಯಿ. ಸುಮಾರು 37.7 ಕೋಟಿ ಷೇರುಗಳಿಗೆ ತಲಾ 5.50 ರೂಪಾಯಿಯಂತೆ ಹಂಚಿದ್ದು 207 ಕೋಟಿ. ಅಂದರೆ ಲಾಭದ ಆರನೇ ಒಂದು ಭಾಗ. ಕೆನರಾ ಬ್ಯಾಂಕು 2024-25ರಲ್ಲಿ 17,027 ಕೋಟಿ ಲಾಭದಲ್ಲಿ ಹಂಚಿದ್ದು ಸುಮಾರು ಐದನೇ ಒಂದು ಭಾಗ. ಉಳಿದದ್ದು ಬ್ಯಾಂಕಿನ ಬುಡಕ್ಕೆ ಗೊಬ್ಬರ. ಇಳುವರಿ ಶೇ 2.5 ಇದ್ದರೂ ಹಂಚಿಕೆ ಆರನೇ ಒಂದು ಭಾಗವೇ ಆಗಿದ್ದರೆ, ಲಾಭ ಕೊಂಚ ಕುಸಿದರೂ ಲಾಭಾಂಶ ನಿಲ್ಲಬಲ್ಲದು. ಲಾಭವನ್ನೆಲ್ಲ ಬಾಚಿ ಹಂಚುವ ಸಂಸ್ಥೆಯ ದೊಡ್ಡ ಇಳುವರಿಗೆ ಆ ಭರವಸೆ ಇಲ್ಲ.

ಇಳುವರಿ ಏರಿದರೆ ಹಿಗ್ಗಬೇಕೆ?

ಗದ್ದೆಯಲ್ಲಿ ಇಳುವರಿ ಏರಿದರೆ ಅದು ಶುಭವಾರ್ತೆ. ಪೇಟೆಯಲ್ಲಿ ಹಾಗೆ ಹೇಳಲಾಗದು. 200 ರೂಪಾಯಿಯ ಷೇರಿಗೆ 8 ರೂಪಾಯಿ ಲಾಭಾಂಶ ಬಂದರೆ ಇಳುವರಿ ಶೇ 4. ಬ್ಯಾಂಕಿನ ಸಾಲಗಳ ಬಗ್ಗೆ ಅಪಸ್ವರ ಕೇಳಿಬಂದು ಬೆಲೆ 100ಕ್ಕೆ ಕುಸಿದರೆ ಇಳುವರಿ ಶೇ 8 ಎಂದು ತೋರುತ್ತದೆ. ಬ್ಯಾಂಕು ಒಂದು ಪೈಸೆ ಹೆಚ್ಚು ಕೊಟ್ಟಿಲ್ಲ. ಕೆಳಗಿನ ಅಂಕಿ ಇಳಿದು ಭಾಗಲಬ್ಧ ಏರಿದೆ. ಆ 8 ರೂಪಾಯಿಯಾದರೂ ಹೋದ ವರ್ಷದ್ದು. ಮುಂದಿನ ವರ್ಷ ಅದು 3 ರೂಪಾಯಿ ಆದರೆ, ಶೇ 8ನ್ನು ನಂಬಿ ಬಂದವನಿಗೆ ಸಿಗುವುದು ಶೇ 3.

ಅಮೆರಿಕದಲ್ಲಿ ಪ್ರಾದೇಶಿಕ ಬ್ಯಾಂಕುಗಳ ಷೇರುಗಳನ್ನು ಲಾಭಾಂಶಕ್ಕಾಗಿಯೇ ಕೊಳ್ಳುವವರು ಬಹಳ. ಅಲ್ಲಿ ಲಾಭಾಂಶವನ್ನು ಮುಖಬೆಲೆಯ ಶೇಕಡಾ ಎಂದು ಹೇಳದೆ ಷೇರಿಗೆ ಇಷ್ಟು ಸೆಂಟ್ ಎಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. ಮುಖಬೆಲೆಯ ಗೊಂದಲವಿಲ್ಲ, ಆದರೆ ಇಳುವರಿಯ ಬಲೆಗೆ ಅವರೂ ಬಿದ್ದಿದ್ದಾರೆ. ನ್ಯೂಯಾರ್ಕ್ ಕಮ್ಯುನಿಟಿ ಬ್ಯಾಂಕಾರ್ಪ್ ಎಂಬ ಬ್ಯಾಂಕು ಮೂರು ತಿಂಗಳಿಗೆ 17 ಸೆಂಟ್ ಕೊಡುತ್ತಿತ್ತು. ವರ್ಷದ ಇಳುವರಿ ಶೇ 6ಕ್ಕೂ ಮಿಕ್ಕಿತ್ತು. ಕಟ್ಟಡಗಳ ಮೇಲೆ ಕೊಟ್ಟ ಸಾಲಗಳ ನಷ್ಟಕ್ಕೆ ಹಣ ತೆಗೆದಿಡಬೇಕಾಗಿ ಬಂದಾಗ, 2024ರ ಜನವರಿ ಕೊನೆಯಲ್ಲಿ ಅದು ಲಾಭಾಂಶವನ್ನು 5 ಸೆಂಟಿಗೆ ಇಳಿಸಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮಾರ್ಚ್‌ನಲ್ಲಿ ಲಾಭಾಂಶ ಒಂದು ಸೆಂಟಾಯಿತು. ಶೇ 6ರ ಆಸೆಗೆ ಬಂದವರು ಅಸಲಿನಲ್ಲೇ ಅದರ ಎಷ್ಟೋ ಪಟ್ಟು ಕಳೆದುಕೊಂಡರು.

ನಮ್ಮಲ್ಲಿನ ಪಾಠ ಇನ್ನೂ ಕಠಿಣ. 1926ರಲ್ಲಿ ತಮಿಳುನಾಡಿನ ಕರೂರಿನಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ್ ಬ್ಯಾಂಕು ಕರಾವಳಿಯ ಬ್ಯಾಂಕುಗಳ ಹಾಗೆಯೇ ಊರಿನ ವರ್ತಕರು ಕಟ್ಟಿದ ಸಂಸ್ಥೆ. ಸಾಲಗಳು ಕೆಟ್ಟು, 2020ರ ನವೆಂಬರ್‌ನಲ್ಲಿ ಅದನ್ನು ಡಿಬಿಎಸ್ ಬ್ಯಾಂಕಿನ ಭಾರತೀಯ ಅಂಗಸಂಸ್ಥೆಯಲ್ಲಿ ವಿಲೀನಗೊಳಿಸಲಾಯಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರ ಬಂಡವಾಳವನ್ನು ಪೂರ್ತಿಯಾಗಿ ತೊಡೆದುಹಾಕಲಾಯಿತು. ಅವರಿಗೆ ಬಂದದ್ದು ಸೊನ್ನೆ. ಠೇವಣಿಗೆ ವಿಮೆಯಿದೆ, 2020ರಲ್ಲಿ ಅದರ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಷೇರಿಗೆ ಅಂಥ ಯಾವ ವಿಮೆಯೂ ಇಲ್ಲ. ಶೇ 7ರ ಬಡ್ಡಿಯನ್ನೂ ಶೇ 4ರ ಲಾಭಾಂಶವನ್ನೂ ಹೋಲಿಸುವಾಗ ಈ ಮಾತನ್ನು ಮರೆಯಬಾರದು. ಠೇವಣಿಯ ಅಸಲು ಬೆಳೆಯುವುದಿಲ್ಲ, ಷೇರಿನ ಬೆಲೆ ಬೆಳೆಯಬಹುದು. ಆ ‘ಬಹುದು’ಗೆ ತೆರುವ ಬೆಲೆಯೇ ಈ ಅಪಾಯ.

ಕೊನೆಯ ದಿನದ ಖರೀದಿ

ಲಾಭಾಂಶ ಪಡೆಯುವವರು ಯಾರೆಂದು ತೀರ್ಮಾನಿಸಲು ಕಂಪನಿ ಒಂದು ದಾಖಲೆ ದಿನವನ್ನು ಗೊತ್ತುಮಾಡುತ್ತದೆ. ಅದರ ಹಿಂದಿನ ದಿನ ಷೇರು ಕೊಂಡು, ಲಾಭಾಂಶ ಹಿಡಿದು, ಮರುದಿನ ಮಾರಿಬಿಡುವ ಉಪಾಯ ಹಲವರಿಗೆ ಹೊಳೆಯುತ್ತದೆ. ಪೇಟೆಗೂ ಅದು ಗೊತ್ತು. ಲಾಭಾಂಶದ ಹಕ್ಕು ಕಳಚಿದ ದಿನ ಬೆಲೆ ಸಾಮಾನ್ಯವಾಗಿ ಅಷ್ಟರ ಮಟ್ಟಿಗೆ ಇಳಿದೇ ಆರಂಭವಾಗುತ್ತದೆ. ಬಲಗಿಸೆಯ ಹಣ ಎಡಗಿಸೆಗೆ ಬಂದಂತೆ. ನಡುವೆ ತೆರಿಗೆಯೂ ಉಂಟು. 2020ರ ಏಪ್ರಿಲ್‌ಗೆ ಮುನ್ನ ಕಂಪನಿಯೇ ವಿತರಣಾ ತೆರಿಗೆ ಕಟ್ಟುತ್ತಿತ್ತು, ಸಾಮಾನ್ಯ ಷೇರುದಾರ ನಿಶ್ಚಿಂತನಾಗಿದ್ದ. ಆ ಬಳಿಕ ಲಾಭಾಂಶ ಆತನ ಉಳಿದ ಆದಾಯದೊಡನೆ ಸೇರಿ ತೆರಿಗೆಗೆ ಒಳಗಾಗುತ್ತದೆ. ಶೇ 30ರ ತೆರಿಗೆ ಕಟ್ಟುವವನಿಗೆ ಶೇ 4ರ ಇಳುವರಿ ನಿಜದಲ್ಲಿ ಶೇ 2.8.

ಪೆಟ್ಟಿಗೆಯ ತಳದ ಕಾಗದ

ಕರಾವಳಿಯ ಐದು ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕೃತವಾದವು. 1997ರಿಂದ 2002ರ ನಡುವೆ ನಾಲ್ಕೂ ಮತ್ತೆ ಜನರಿಗೆ ಷೇರು ಮಾರಿದವು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಕರ್ಣಾಟಕ ಬ್ಯಾಂಕು ಮಾತ್ರ ಖಾಸಗಿಯಾಗಿಯೇ ಉಳಿದು 2024ರಲ್ಲಿ ನೂರು ವರ್ಷ ಪೂರೈಸಿತು.

ಹೆಸರಳಿದ ಬ್ಯಾಂಕುಗಳ ಷೇರುಪತ್ರಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇದ್ದಾವು. ಅವು ರದ್ದಿ ಕಾಗದವಲ್ಲ. 1,000 ವಿಜಯಾ ಷೇರಿಗೆ 402 ಬರೋಡಾ ಷೇರು, 1,000 ಕಾರ್ಪೊರೇಷನ್ ಷೇರಿಗೆ 330 ಯೂನಿಯನ್ ಷೇರು, 1,000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಎಂದು ನಿಗದಿಯಾಗಿತ್ತು. ಆ 158, ವಿಭಜನೆಯ ನಂತರ 790 ಆಗಿದೆ. 2024-25ರ ಒಂದು ವರ್ಷದ ಲಾಭಾಂಶವೇ 3,160 ರೂಪಾಯಿ. ವಿಳಾಸ ಬದಲಾಗಿಯೋ, ಹಿರಿಯರು ತೀರಿಕೊಂಡೋ ಏಳು ವರ್ಷ ಸತತವಾಗಿ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಹಣವೂ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದಲೂ ಹಿಂಪಡೆಯಲು ಅವಕಾಶವಿದೆ. ವಾರಸುದಾರರು ದಾಖಲೆಗಳೊಡನೆ ಅರ್ಜಿ ಸಲ್ಲಿಸಬೇಕು. ಷೇರು ಕಳೆದುಕೊಂಡ ಮೇಲೆ ಓಡಾಡುವುದಕ್ಕಿಂತ ಬ್ಯಾಂಕಿನ ಷೇರು ನೋಂದಣಿ ಕಚೇರಿಗೆ ಈಗಲೇ ವಿಳಾಸ, ಬ್ಯಾಂಕ್ ಖಾತೆ, ನಾಮನಿರ್ದೇಶನದ ವಿವರ ಕೊಟ್ಟು ಕಾಗದವನ್ನು ಡಿಮ್ಯಾಟ್ ಮಾಡಿಸಿಕೊಳ್ಳುವುದು ಸುಲಭ.

ಮುಂದಿನ ಬಾರಿ ‘ಇಂಥ ಬ್ಯಾಂಕಿನಿಂದ ಶೇ ಇಷ್ಟು ಲಾಭಾಂಶ’ ಎಂಬ ಸುದ್ದಿ ಕಂಡಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಷೇರಿಗೆ ಎಷ್ಟು ರೂಪಾಯಿ? ಇಂದಿನ ಯಾವ ಬೆಲೆಯ ಮೇಲೆ? ಎಷ್ಟು ಲಾಭದಲ್ಲಿ ಎಷ್ಟು ಪಾಲು? ‘ಎಷ್ಟು ಎಕರೆಗೆ?’ ಎಂದು ಕೇಳದೆ ಇಳುವರಿಯ ಮಾತನ್ನು ಯಾವ ರೈತನೂ ನಂಬುವುದಿಲ್ಲ. ಷೇರುದಾರನಿಗೂ ಅಷ್ಟು ಎಚ್ಚರ ಇದ್ದರೆ ಸಾಕು.